ಹುಣಸೆಮರದ ಪೌರತ್ವ

ಎಕ್ಕದ ಗಿಡದ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತ ಹಿರಿಯರೊಬ್ಬರು, ‘ಇದಕ್ಕೆ ಔಷಧಿ ಹೊಡೆಸೋದಿಲ್ವೇನ್ರೀ? ಎಲೆಯೆಲ್ಲ ತೂತು!’ ಎಂದರು. ಹೊಡೆಸುವುದಿಲ್ಲ ಸ್ವಾಮಿ, ತೂತಾಗಲಿ ಎಂದೇ ನೆಟ್ಟಿದ್ದು. ಸ್ವಲ್ಪ ಬಗ್ಗಿದ್ದರೆ ಅವರಿಗೂ ಕಾಣುತ್ತಿತ್ತು: ಕಪ್ಪು ಬಿಳಿ ಪಟ್ಟೆಯ ಮೈ, ನಡುನಡುವೆ ಹಳದಿ ಬೊಟ್ಟು, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆ. ಆ ಹುಳು ಮೊದಲು ಎಲೆಯ ನರ ಕಚ್ಚಿ ಹಾಲು ಬಸಿದುಹೋಗಲು ಬಿಡುತ್ತದೆ, ಆಮೇಲೆ ಸಾವಕಾಶವಾಗಿ ಊಟಕ್ಕೆ ಕೂರುತ್ತದೆ. ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುವುದು ಇದೇ. ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿರಿಯರು ಗುಲಾಬಿ ಹುಡುಕಿಕೊಂಡು ಹೊರಟಿದ್ದರು.

ನಾವೊಂದಿಷ್ಟು ಜನ ಸೇರಿ ಸಂಬಳವಿಲ್ಲದೆ ನೋಡಿಕೊಳ್ಳುವ, ಈ ನೆಲಕ್ಕೆ ಹೊಂದುವ ಗಿಡಗಳ ತೋಟ ಇದು; ಇಲ್ಲಿ ಗುಲಾಬಿ ಇಲ್ಲ. ಇರಬೇಕೋ ಬೇಡವೋ ಎಂಬ ಮಾತೆತ್ತಲೂ ಯಾರಿಗೂ ಧೈರ್ಯವಿಲ್ಲ, ಏಕೆಂದರೆ ಹುಣಸೆಮರದ ಗಲಾಟೆ ಇನ್ನೂ ತಣ್ಣಗಾಗಿಲ್ಲ.

ಮೂಲೆಯಲ್ಲಿರುವ ಆ ಮರವನ್ನು ನಾವ್ಯಾರೂ ನೆಟ್ಟದ್ದಲ್ಲ, ನಮ್ಮೆಲ್ಲರಿಗಿಂತ ದೊಡ್ಡದು. ಗಿಡಗಳಿಗೆ ಎರಡು ಬಗೆಯ ಫಲಕ ಹಾಕೋಣ ಎಂದು ಯಾರೋ ಸೂಚಿಸಿದರು: ಹಸಿರು ಬಣ್ಣದ್ದು ಈ ನೆಲದವಕ್ಕೆ, ಹಳದಿ ಬಣ್ಣದ್ದು ಹೊರಗಿನಿಂದ ಬಂದು ಒಗ್ಗಿಕೊಂಡವಕ್ಕೆ. ಹೊಂಗೆ, ಬೇವು, ತುಂಬೆ, ಲಕ್ಕಿ ತಕರಾರಿಲ್ಲದೆ ಹಸಿರಿಗೆ ಹೋದವು. ಹುಣಸೆಯ ಸರದಿ ಬಂದಾಗ ಓದಿಕೊಂಡ ಹುಡುಗಿಯೊಬ್ಬಳು, ‘ಅದರ ಮೂಲ ಆಫ್ರಿಕಾ’ ಎಂದಳು. ನಿವೃತ್ತ ಮೇಷ್ಟ್ರು ಎದ್ದೇ ನಿಂತರು. ‘ಹುಣಸೆ ಹೊರಗಿನದಾದರೆ ನಾನೂ ಹೊರಗಿನವನೇ, ನನಗೂ ಒಂದು ಹಳದಿ ಹಲಗೆ ತಗುಲಿಸಿಬಿಡಿ!’ ಅಲ್ಲಿಂದ ಮುಂದಕ್ಕೆ ಯಾವ ಗಿಡಕ್ಕೂ ಉಳಿಗಾಲವಿರಲಿಲ್ಲ. ಗುಲ್‌ಮೊಹರ್ ಮಡಗಾಸ್ಕರಿನದು, ನಿತ್ಯಪುಷ್ಪವೂ ಅಲ್ಲಿಯದೇ. ಚೆಂಡುಹೂವು ಮೆಕ್ಸಿಕೋದ್ದು ಎಂದಾಗ ಹಿಂದಿನ ಸಾಲಿನಿಂದ ನಿಟ್ಟುಸಿರು ಕೇಳಿಸಿತು. ‘ಒಗ್ಗಿಕೊಂಡದ್ದೇ ಅರ್ಹತೆಯಾದರೆ ಲಂಟಾನಕ್ಕಿಂತ ಚೆನ್ನಾಗಿ ಒಗ್ಗಿಕೊಂಡದ್ದು ಯಾವುದಿದೆ? ಕಾಡಿಗೆ ಕಾಡನ್ನೇ ನುಂಗಿ ಕೂತಿದೆ’ ಎಂದು ಒಬ್ಬರು ಕಡ್ಡಿ ಗೀರಿದರು. ‘ಹಾಗಾದರೆ ಕಾಂಗ್ರೆಸ್ ಗಿಡಕ್ಕೂ ಒಂದು ಫಲಕ’ ಎಂದು ಇನ್ನೊಬ್ಬರು ಎಣ್ಣೆ ಹೊಯ್ದರು. ಸಭೆ ಕರೆದದ್ದು ಸೋರುವ ಪೈಪಿನ ವಿಷಯಕ್ಕೆ. ಅದರ ಪ್ರಸ್ತಾಪವೇ ಬರಲಿಲ್ಲ. ಕೊನೆಗೆ ಹುಣಸೆಗೆ ಅರ್ಧ ಹಸಿರು ಅರ್ಧ ಹಳದಿ ಬಳಿದ ಫಲಕ ಬಂತು. ಮೇಷ್ಟ್ರು ಅದರ ಹಳದಿ ಭಾಗವನ್ನು ನೋಡದಂತೆ ಆ ಕಡೆಯಿಂದ ಸುತ್ತಿಕೊಂಡು ಹೋಗುತ್ತಾರೆ.

ಸಂಬಳವಿಲ್ಲದ ಕೆಲಸದ ದೊಡ್ಡ ತೊಂದರೆ ಇದು: ಯಾರನ್ನೂ ಬೈಯುವಂತಿಲ್ಲ. ಕಳೆ ಕೀಳುವ ಉಮೇದಿನಲ್ಲಿ ತುಂಬೆಯ ಪಾತಿಯನ್ನೇ ಬೋಳಿಸಿದವರಿಗೂ ‘ಬಹಳ ಉಪಕಾರವಾಯ್ತು’ ಎನ್ನಬೇಕು. ಸಸಿ ನೆಡುವ ದಿನ ಫೋಟೋಕ್ಕೆ ನೆರೆಯುವ ಜನ, ಗುದ್ದಲಿ ತೊಳೆದಿಡುವ ಹೊತ್ತಿಗೆ ಎಲ್ಲಿ ಕರಗುತ್ತಾರೋ ಕಾಣೆ.

ನಿಜಕ್ಕೂ ನಾನು ಬರೆಯಹೊರಟದ್ದು ನೀರಿನ ವಿಷಯ. ನೆಲಕ್ಕೆ ಹೊಂದುವ ಗಿಡ ಕಡಿಮೆ ನೀರಿನಲ್ಲಿ ಬದುಕುತ್ತದೆ, ಸುಳ್ಳಲ್ಲ. ಆದರೆ ಅದು ಬೇರು ಇಳಿದ ಮೇಲಿನ ಮಾತು. ಮೊದಲ ಬೇಸಗೆ ದಾಟುವವರೆಗೆ ಅದಕ್ಕೂ ನೀರು ಹಾಕಬೇಕು, ಬುಡಕ್ಕೆ ತರಗೆಲೆ ಮುಚ್ಚಬೇಕು. ಇದರಲ್ಲೇನೋ ದೊಡ್ಡ ತತ್ತ್ವವಿದೆ ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು, ಈಗ ಹುಡುಕಿದರೆ ಕೈಗೆ ಸಿಗುತ್ತಿಲ್ಲ. ಅಷ್ಟರಲ್ಲಿ ನಮ್ಮವರೊಬ್ಬರು ‘ದೇಶಿ ಗಿಡಕ್ಕೆ ನೀರೇ ಬೇಡ’ ಎಂದು ದೃಢವಾಗಿ ನಂಬಿ, ತಮ್ಮ ಪಾಳಿಯ ವಾರವಿಡೀ ಪೈಪು ಮುಟ್ಟದೆ, ಹೊಸ ಸಸಿಗಳನ್ನೆಲ್ಲ ಒಣಗಿಸಿಟ್ಟಿದ್ದಾರೆ. ಬಂದವರಿಗೆ ತೋಟ ತೋರಿಸಿ ವಿವರಣೆ ಕೊಡುವ ಜವಾಬ್ದಾರಿಯೂ ಅವರದೇ.