ಪಕ್ಕದ ಕುರ್ಚಿಯ ಪೈಲಟ್

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಚಿಕ್ಕಪ್ಪ ಇದ್ದಾರೆ. ರಸ್ತೆಯಲ್ಲಿ ಗುಂಡಿ ಬಿದ್ದರೂ, ಕರೆಂಟು ಹೋದರೂ, ಮೊಮ್ಮಗ ಊಟ ಮಾಡದಿದ್ದರೂ ಅವರದ್ದು ಒಂದೇ ಮೆಸೇಜು: "ಈ ದೇಶಕ್ಕೆ ಹತ್ತು ವರ್ಷ ಮಿಲಿಟರಿ ಆಡಳಿತ ಬೇಕು." ಕೆಳಗೆ ಆರು ಹೆಬ್ಬೆಟ್ಟು. ಮೊನ್ನೆ ಕರೆಂಟಿಲ್ಲದೆ ನನಗೂ ತಲೆ ಕೆಟ್ಟಿತ್ತು. "ಚಿಕ್ಕಪ್ಪಾ, ಹಾಗೆ ಬಂದವರು ಹತ್ತು ವರ್ಷಕ್ಕೆ ಎದ್ದು ಹೋಗ್ತಾರಾ? ಈಜಿಪ್ಟಿನ ಅಧ್ಯಕ್ಷರಾಗಿದ್ದ ಮುಬಾರಕ್ ಕಥೆ ನೀವೇ ಪೇಪರಿನಲ್ಲಿ ಓದಿದ್ರಿ ಅಲ್ವಾ?" ಅಂತ ಬರೆದೆ. "ಅವನು ಏರ್‌ಫೋರ್ಸ್ ಮನುಷ್ಯ ಕಣೋ, ಶಿಸ್ತು ಇತ್ತು" ಅಂತ ಉತ್ತರ ಬಂತು.

ಇತ್ತು, ಇಲ್ಲ ಅಂದವರ್ಯಾರು? 29 ವರ್ಷ ಒಂದೇ ಕುರ್ಚಿಯಲ್ಲಿ ಅಲುಗಾಡದೆ ಕೂರೋದು ಶಿಸ್ತಿಲ್ಲದವರ ಕೈಲಿ ಆಗುವ ಕೆಲಸವಲ್ಲ.

ವಾಯುಪಡೆಯಲ್ಲಿ ಬಡ್ತಿ ಹೇಗೆ ಸಿಗುತ್ತದೆ ಅನ್ನೋದೂ ಕಲಿಯುವಂಥದ್ದೇ. 1967ರ ಜೂನ್ 5ರ ಬೆಳಿಗ್ಗೆ ಇಸ್ರೇಲಿನ ವಿಮಾನಗಳು ಬಂದು ಈಜಿಪ್ಟಿನ ವಿಮಾನಗಳನ್ನು ನಿಂತ ಜಾಗದಲ್ಲೇ ಸುಟ್ಟು ಹೋದವು. ಮೇಲಿನವರು ಕೆಲಸ ಕಳೆದುಕೊಂಡರು, ವಾಯುಪಡೆಯ ಮುಖ್ಯಸ್ಥರು ಜೈಲಿಗೇ ಹೋದರು. ಕುರ್ಚಿಗಳು ಖಾಲಿಯಾದವು. ಅದೇ ವರ್ಷ ಹೋಸ್ನಿ ಮುಬಾರಕ್ ಏರ್ ಅಕಾಡೆಮಿಗೆ ಮುಖ್ಯಸ್ಥರಾದರು, 1972ರ ಹೊತ್ತಿಗೆ ಇಡೀ ವಾಯುಪಡೆಗೇ. ಸಿರಿಯಾದ್ದು ಇನ್ನೂ ಚೆಂದ. ಅದೇ ಯುದ್ಧದಲ್ಲಿ ಅಲ್ಲಿ ವಿಮಾನಗಳೂ ಹೋದವು, ಗೋಲಾನ್ ಬೆಟ್ಟವೂ ಇಸ್ರೇಲಿನ ಕೈಗೆ ಹೋಯಿತು. ಆಗ ಅಲ್ಲಿ ರಕ್ಷಣಾ ಮಂತ್ರಿ ಯಾರು? ವಾಯುಪಡೆಯ ಹಾಫೆಜ್ ಅಲ್-ಅಸ್ಸಾದ್. ಮೂರೇ ವರ್ಷದಲ್ಲಿ ದೇಶವೇ ಅವರ ಕೈಗೆ ಬಂತು. ನಮ್ಮ ಮನೆಯಲ್ಲಿ ಸ್ಕೂಟರ್ ಎಲ್ಲಾದರೂ ಗುದ್ದಿಸಿಕೊಂಡು ಬಂದರೆ ಒಂದು ತಿಂಗಳು ಕೀ ಕೊಡುತ್ತಿರಲಿಲ್ಲ.

ಇಸ್ರೇಲ್ ಜೊತೆಗಿನ 1973ರ ಯುದ್ಧದಲ್ಲಿ ಮುಬಾರಕ್ ಕೆಲಸ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡಿದರು. 1975ರಲ್ಲಿ ಅಧ್ಯಕ್ಷ ಸಾದತ್ ಅವರನ್ನು ಕರೆದು ಉಪಾಧ್ಯಕ್ಷ ಮಾಡಿದರು. ಆಮೇಲೆ ಆರು ವರ್ಷ ಅವರ ಮುಖ್ಯ ಕೆಲಸ ಪಕ್ಕದಲ್ಲಿ ಕೂರೋದು. 1981ರ ಅಕ್ಟೋಬರ್ 6ರಂದೂ ಪಕ್ಕದಲ್ಲೇ ಕೂತಿದ್ದರು. ಕೈರೋದಲ್ಲಿ 1973ರ ಯುದ್ಧದ ವಿಜಯೋತ್ಸವದ ಪೆರೇಡ್. ತಲೆ ಮೇಲೆ ಮಿರಾಜ್ ವಿಮಾನಗಳು ಆಟ ತೋರಿಸುತ್ತಿದ್ದವು, ಜನವೆಲ್ಲ ಕತ್ತೆತ್ತಿ ಆಕಾಶ ನೋಡುತ್ತಿದ್ದರು. ಕೆಳಗೆ ಒಂದು ಮಿಲಿಟರಿ ಲಾರಿ ನಿಂತಿತು. ಅದರಿಂದ ಇಳಿದವರು ಸಾದತ್‌ರನ್ನು ಕೊಂದರು. ಮುಬಾರಕ್ ಕೈಗೆ ಸಣ್ಣ ಗಾಯ. ಎಂಟು ದಿನಕ್ಕೆ ಅವರು ಅಧ್ಯಕ್ಷರು.

ಉಪಾಧ್ಯಕ್ಷ ಸ್ಥಾನದಿಂದ ಬಂದವರಿಗೆ ಆ ಕುರ್ಚಿಯ ಗುಣ ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ. 2011ರ ಜನವರಿಯಲ್ಲಿ ಜನ ಬೀದಿಗೆ ಇಳಿಯೋವರೆಗೂ ಅದರಲ್ಲಿ ಯಾರನ್ನೂ ಕೂರಿಸಲಿಲ್ಲ. ಕೈರೋದವರು ಇದಕ್ಕೆ ಬೇರೆ ಕಾರಣ ಹೇಳಿ ನಗುತ್ತಿದ್ದರು. ಸಾದತ್‌ಗಿಂತ ಮೊದಲು ಅಧ್ಯಕ್ಷರಾಗಿದ್ದ ನಾಸರ್ ತನಗಿಂತ ದಡ್ಡನನ್ನು ಹುಡುಕಿ ಸಾದತ್‌ರನ್ನು ಉಪಾಧ್ಯಕ್ಷ ಮಾಡಿದರಂತೆ. ಸಾದತ್ ತನಗಿಂತ ದಡ್ಡನನ್ನು ಹುಡುಕಿ ಮುಬಾರಕ್‌ರನ್ನು ಮಾಡಿದರಂತೆ. ಪಾಪ, ಮುಬಾರಕ್ ಇನ್ನೂ ಹುಡುಕುತ್ತಲೇ ಇದ್ದಾರಂತೆ.

ಚುನಾವಣೆಯೂ ಇತ್ತು ಮತ್ತೆ, ಸುಮ್ನೆ ಅಂದ್ಕೋಬೇಡಿ. ಚೀಟಿಯಲ್ಲಿ ಒಂದೇ ಹೆಸರು. ಬೇಕು ಅನ್ನಿ, ಬೇಡ ಅನ್ನಿ. 1981ರಲ್ಲಿ ನೂರಕ್ಕೆ 98 ಬಂತು. 1987ರಲ್ಲಿ 97. 1993ರಲ್ಲಿ 96. ಆಮೇಲೆ 94ರ ಹತ್ತಿರ. 2005ರಲ್ಲಿ ಬೇರೆಯವರೂ ಪರೀಕ್ಷೆಗೆ ಕೂರಬಹುದು ಅಂದಾಗ 88 ಚಿಲ್ಲರೆ. ಮಾರ್ಕ್ಸ್ ಹೀಗೆ ವರ್ಷ ವರ್ಷ ಇಳಿಯುತ್ತಿದ್ದರೆ ನಮ್ಮಲ್ಲಿ ಅಪ್ಪ ಅಮ್ಮ ಟ್ಯೂಷನ್‌ಗೆ ಹಾಕುತ್ತಾರೆ. ಅಲ್ಲಿ ಎರಡನೇ ಸ್ಥಾನ ಬಂದ ಅಯ್ಮನ್ ನೂರ್‌ರನ್ನು ಜೈಲಿಗೆ ಹಾಕಿದರು.

ನಾವೇನೂ ಕಮ್ಮಿ ಇಲ್ಲ ಬಿಡಿ. ಅಂತರರಾಷ್ಟ್ರೀಯ ಸದ್ಭಾವನೆಗೆ ಅಂತ 1995ರ ನೆಹರು ಪ್ರಶಸ್ತಿಯನ್ನು ಇದೇ ಮುಬಾರಕ್‌ಗೆ ಕೊಟ್ಟೆವು. ಅವರು ಅದನ್ನು ತಗೊಳ್ಳೋಕೆ ದೆಹಲಿಗೆ ಬಂದಿದ್ದು 2008ರಲ್ಲಿ. ಹದಿಮೂರು ವರ್ಷ ತಡವಾದರೇನು, ಅಧ್ಯಕ್ಷರು ಬದಲಾಗಿರಲಿಲ್ಲವಲ್ಲ, ಹೆಸರು ತಿದ್ದುವ ಖರ್ಚು ಉಳಿಯಿತು.

ತಮಾಷೆ ಸಾಕು. ಆ 29 ವರ್ಷವೂ ಅಲ್ಲಿ ತುರ್ತು ಪರಿಸ್ಥಿತಿ ಕಾನೂನಿತ್ತು. ಯಾರನ್ನು ಬೇಕಾದರೂ ಎತ್ತಿಕೊಂಡು ಹೋಗಬಹುದಿತ್ತು. 2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದ ಸೈಬರ್ ಕೆಫೆಯಲ್ಲಿದ್ದ ಖಾಲೆದ್ ಸಯೀದ್ ಅನ್ನುವ ಹುಡುಗನನ್ನು ಪೊಲೀಸರು ಎಳೆದು, ಹೊಡೆದು ಕೊಂದರು. ಗಾಂಜಾ ಪೊಟ್ಟಣ ನುಂಗಿ ಸತ್ತ ಅಂದರು. ದವಡೆ ಮುರಿದ ಮುಖದ ಫೋಟೋ ಎಲ್ಲರೂ ನೋಡಿದ್ದರು. 2011ರ ದಂಗೆಯಲ್ಲಿ ಸತ್ತವರು ಕನಿಷ್ಠ 846 ಅಂತ ಸರ್ಕಾರದ ಸಮಿತಿಯೇ ಲೆಕ್ಕ ಕೊಟ್ಟಿತು. ಮುಬಾರಕ್‌ಗೆ ಕೊನೆಗೆ ಉಳಿದ ಶಿಕ್ಷೆ ಯಾವುದಕ್ಕೆ ಗೊತ್ತಾ? ಅಧ್ಯಕ್ಷರ ಅರಮನೆಗಳಿಗೆ ಅಂತ ಇಟ್ಟ ಸರ್ಕಾರಿ ದುಡ್ಡಲ್ಲಿ ಸ್ವಂತ ಮನೆ ರಿಪೇರಿ ಮಾಡಿಸಿಕೊಂಡಿದ್ದಕ್ಕೆ. ಮೂರು ವರ್ಷ. ಕೊಲೆಗಳ ಕೇಸಿನಲ್ಲಿ 2017ರಲ್ಲಿ ಖುಲಾಸೆ. 846 ಜನ ಒಂದು ಕಡೆ, ಟೈಲ್ಸ್ ಬಿಲ್ಲು ಇನ್ನೊಂದು ಕಡೆ, ತಕ್ಕಡಿ ಬಿಲ್ಲಿನ ಕಡೆ ವಾಲಿತು. 2020ರಲ್ಲಿ ತೀರಿಕೊಂಡಾಗ ಮಿಲಿಟರಿ ಗೌರವ, ಮೂರು ದಿನ ಶೋಕ.

ನನಗೆ ಮಾತ್ರ ಅವರ ಫೋಟೋಗಳದ್ದೇ ಚಿಂತೆ. 2010ರಲ್ಲಿ ವೈಟ್ ಹೌಸಿನಲ್ಲಿ ಒಬಾಮಾ ಮುಂದೆ ನಡೆಯುತ್ತಿದ್ದರು, ಮುಬಾರಕ್ ಹಿಂದೆ ಒಂದು ಮೂಲೆಯಲ್ಲಿದ್ದರು. ಆಮೇಲೆ ಸರ್ಕಾರಿ ಪತ್ರಿಕೆ ಅಲ್-ಅಹ್ರಾಮ್‌ನಲ್ಲಿ ಅದೇ ಫೋಟೋ. ಅದೇ ಕೆಂಪು ಹಾಸು, ಅದೇ ಸೂಟು. ಮುಬಾರಕ್ ಮಾತ್ರ ಎಲ್ಲರಿಗಿಂತ ಮುಂದೆ! ಸಿಕ್ಕಿಬಿದ್ದಾಗ ಸಂಪಾದಕರು, ಅದು ಭಾವ ತೋರಿಸುವ ಚಿತ್ರ ಅಂದರು. ನಮ್ಮ ವಾರ್ಡಿನ ಫ್ಲೆಕ್ಸ್ ಮಾಡುವ ಹುಡುಗನಿಗೆ ಈ ಪದ ಗೊತ್ತಿಲ್ಲದೆ ಬರೀ ಬೈಸಿಕೊಳ್ಳುತ್ತಿದ್ದಾನೆ.

ಇದಕ್ಕಿಂತ ಹಳೇದು ಇನ್ನೊಂದು ಇದೆ. 1973ರ ಯುದ್ಧದ ಸ್ಮಾರಕ ಅಂತ ಕೈರೋದಲ್ಲಿ ಒಂದು ಪನೋರಮಾ, ಅಂದರೆ ಯುದ್ಧದ ದೃಶ್ಯ ತೋರಿಸುವ ಮ್ಯೂಸಿಯಂ, ಕಟ್ಟಿಸಿದರು. ಅಲ್ಲಿ ಸಾದತ್ ಜೊತೆ ಸೇನಾಧಿಕಾರಿಗಳು ನಕ್ಷೆ ನೋಡುತ್ತಿರುವ ಫೋಟೋ. ಅಸಲಿ ಫೋಟೋದಲ್ಲಿ ಸಾದತ್ ಪಕ್ಕ ಇದ್ದವರು ಸೇನೆಯ ಚೀಫ್ ಆಫ್ ಸ್ಟಾಫ್ ಸಾದ್ ಅಲ್-ಶಾಜ್ಲಿ. ಸುಯೆಜ್ ಕಾಲುವೆ ದಾಟುವ ಯೋಜನೆ ಹಾಕಿದವರು. ಆಮೇಲೆ ಸಾದತ್ ಜೊತೆ ಜಗಳ, ದೇಶಭ್ರಷ್ಟ ಬದುಕು. ವಾಪಸು ಬಂದಾಗ ಮುಬಾರಕ್ ಕಾಲದಲ್ಲಿ ಜೈಲು. ಪನೋರಮಾದಲ್ಲಿ ಅವರನ್ನು ಅಳಿಸಿ ಆ ಜಾಗದಲ್ಲಿ ಮುಬಾರಕ್‌ರನ್ನು ಅಂಟಿಸಿದ್ದರು. ಪಕ್ಕದ ಕುರ್ಚಿ, ಇಲ್ಲೂ.

2011ರ ಫೆಬ್ರವರಿ 10ರ ರಾತ್ರಿ ಮುಬಾರಕ್ ಟೀವಿಯಲ್ಲಿ ಬಂದು, ನಾನು ಹೋಗಲ್ಲ ಅಂದರು. ಶಾಜ್ಲಿ ತೀರಿಕೊಂಡಿದ್ದು ಅದೇ ದಿನ. ಮುಬಾರಕ್ ಇಳಿದಿದ್ದು ಮಾರನೇ ದಿನ.