ಹೊಳೆ ನುಂಗಿದ ದಾರಿ

ಹಲವು ವರ್ಷಗಳ ಬಳಿಕ ಹೊಳೆದಂಡೆಯ ಆ ಕಾಲುದಾರಿಗೆ ಮರಳಿದಾಗ ಕಣ್ಣಿಗಿಂತ ಮೊದಲು ಗುರುತು ಹಿಡಿದದ್ದು ಕಾಲು. ಎಲ್ಲಿ ಬೇರು ಎಡವುತ್ತದೆ, ಎಲ್ಲಿ ತಲೆ ತಗ್ಗಿಸದಿದ್ದರೆ ಕೊಂಬೆ ಹಣೆಗೆ ಬಡಿಯುತ್ತದೆ, ಎಲ್ಲಿ ಜೊಂಡಿನ ಮರೆಯಿಂದ ನೀರಿನ ಸದ್ದು ಇದ್ದಕ್ಕಿದ್ದಂತೆ ಜೋರಾಗುತ್ತದೆ ಎಂಬುದೆಲ್ಲ, ಕಂಠವಿಲ್ಲದಿದ್ದರೂ, ಅದಕ್ಕೆ ಕಂಠಪಾಠವಾಗಿತ್ತು. ಆದರೆ ಮೂರನೆಯ ತಿರುವಿನಲ್ಲಿ ಹೆಜ್ಜೆ ಎತ್ತಿದರೆ ಇಡಲು ದಾರಿಯೇ ಇರಲಿಲ್ಲ. ನೀರಿನತ್ತ ಬಾಗಿದ್ದ ಮರ, ಅದರ ಬುಡದಲ್ಲಿ ನಾನು ಕೂರುತ್ತಿದ್ದ ಹುಲ್ಲಿನ ದಿಬ್ಬ, ದಿಬ್ಬವನ್ನು ಬಳಸಿ ಹೋಗುತ್ತಿದ್ದ ದಾರಿ, ಮೂರೂ ಹೊಳೆಯ ಪಾಲಾಗಿದ್ದವು.

ಮೊದಲು ಬಂದದ್ದು ಕೋಪ. ಆದರೆ ಕೋಪವನ್ನು ಯಾರ ಮೇಲೆ ತೀರಿಸುವುದು? ನನಗೆ ಆ ತಿರುವು ಪ್ರಿಯವಾಗಿದ್ದುದಕ್ಕೆ ಕಾರಣಗಳನ್ನು ಎಣಿಸುತ್ತ ಹೋದಂತೆ ಪ್ರತಿಯೊಂದೂ ಹೊಳೆಯ ಕೊರೆತದ ಕಡೆಗೇ ಬೆರಳು ತೋರಿಸಿತು. ಮರ ಅಷ್ಟು ಚೆಂದವಾಗಿ ಬಾಗಿದ್ದುದು ಬುಡದ ಮಣ್ಣು ಜಾರುತ್ತಿದ್ದುದರಿಂದ. ಮಡು ಅಷ್ಟು ಆಳವಾಗಿ ಕಪ್ಪುಹಸಿರಾಗಿದ್ದುದು ನೀರು ಅಲ್ಲಿ ತಳವನ್ನು ತೋಡುತ್ತಿದ್ದುದರಿಂದ. ಮಿಂಚುಳ್ಳಿ ಅಲ್ಲಿ ಬಿಲ ಕೊರೆದಿದ್ದುದು ಹೊಸದಾಗಿ ಕುಸಿದ ಕಡಿದಾದ ಬೋಳು ದಂಡೆಯೇ ಅದಕ್ಕೆ ಬೇಕಾದುದರಿಂದ. ಆ ಜಾಗ ಮುಳುಗುತ್ತಿದ್ದಾಗಲೇ ನಾನು ಅದನ್ನು ಮೆಚ್ಚಿಕೊಂಡಿದ್ದೆ.

ಹೊಳೆ ತಿರುವಿನ ಹೊರದಂಡೆಯನ್ನೇ ಏಕೆ ತಿನ್ನುತ್ತದೆ ಎಂಬುದಕ್ಕೆ 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಚಹಾ ಬಟ್ಟಲಿನ ಉದಾಹರಣೆ ಕೊಟ್ಟಿದ್ದರು. ಕಲಕಿದ ಚಹಾದ ಎಲೆಚೂರುಗಳು ಅಂಚಿಗೆ ಸಿಡಿಯುವ ಬದಲು ತಳದ ನಡುವೆ ಗುಡ್ಡೆಯಾಗುತ್ತವೆ. ತಳಕ್ಕೆ ತಾಗಿದ ನೀರು ಘರ್ಷಣೆಯಿಂದ ನಿಧಾನಗೊಂಡು ಒಳಮುಖವಾಗಿ ಸರಿಯುತ್ತದೆ, ಮೇಲಿನ ವೇಗದ ನೀರು ಹೊರಕ್ಕೆ ಒತ್ತುತ್ತದೆ. ಹೊಳೆಯ ತಿರುವಿನಲ್ಲಿಯೂ ಇದೇ ಒಳಸುಳಿ ಹೊರದಂಡೆಯ ಬುಡವನ್ನು ಕಳಚಿ ಒಳದಂಡೆಯಲ್ಲಿ ಮರಳನ್ನು ಪೇರಿಸುತ್ತದೆ. ಇಷ್ಟು ದೊಡ್ಡ ವಿಜ್ಞಾನಿ ಚಮಚ ತಿರುಗಿಸುತ್ತ ನದಿಯನ್ನು ಯೋಚಿಸಿದರೆಂಬುದು ನನ್ನ ದಿಬ್ಬ ಹೋದ ದುಃಖಕ್ಕೆ ಸ್ವಲ್ಪ ಸಮಾಧಾನ ತಂದಿತು.

ನನಗಿಂತ ಮೊದಲು ಬಂದವರು ಸುಮ್ಮನಿರಲಿಲ್ಲ. ಕುಸಿದ ಅಂಚಿನಿಂದ ಹತ್ತು ಹೆಜ್ಜೆ ಒಳಗೆ, ಹುಲ್ಲನ್ನು ತುಳಿದು ತುಳಿದು, ಯಾರ ಅಪ್ಪಣೆಯನ್ನೂ ಕೇಳದೆ ಹೊಸ ದಾರಿಯೊಂದನ್ನು ಮೂಡಿಸಿದ್ದರು. ಅದರಲ್ಲೇ ಮುಂದೆ ನಡೆದೆ. ಅಂಕುಡೊಂಕಾಗಿ ಹರಿಯುವ ಹೊಳೆ ತನ್ನ ಅಗಲದ ಸುಮಾರು 10ರಿಂದ 14 ಪಟ್ಟು ದೂರಕ್ಕೆ ಒಂದು ಪೂರ್ಣ ಸುತ್ತು ಮುಗಿಸುತ್ತದೆಯಂತೆ. ಕಿರುಹೊಳೆಯ ಜೊತೆಗಿನ ನಡಿಗೆ ನನಗೆ ಮಹಾನದಿಯ ಜೊತೆಗಿನ ನಡಿಗೆಗಿಂತ ಹಿತವೆನಿಸುವುದು ಇದರಿಂದಲೇ ಇರಬೇಕು. ಬೇಸರ ಹುಟ್ಟುವಷ್ಟರಲ್ಲಿ ತಿರುವು ಬಂದುಬಿಡುತ್ತದೆ.

ಮುಂದಿನ ತಿರುವಿನಲ್ಲಿ ನಾನಿದ್ದ ದಂಡೆಯೇ ಒಳಬದಿಯಾಯಿತು. ಹಿಂದೆ ನೀರಿದ್ದ ಕಡೆ ಈಗ ಮರಳುದಿನ್ನೆಯೊಂದು ಹಾಸಿಕೊಂಡು, ಅದರ ಹಿಂಬದಿಯಲ್ಲಿ ಎಳೆಯ ಹುಲ್ಲು ಬೇರು ಬಿಡುತ್ತಿತ್ತು. ಹೊರದಂಡೆಯಿಂದ ಕಳಚಿದ ಮಣ್ಣುಮರಳಿನ ಹೆಚ್ಚಿನ ಪಾಲು ಎದುರುದಂಡೆಗೆ ದಾಟದೆ, ಕೆಳಗಿನ ತಿರುವಿನಲ್ಲಿ ಅದೇ ಬದಿಗೆ ಬಂದು ಸೇರುತ್ತದೆ. ಹಾಗಿದ್ದರೆ ಇದರಲ್ಲಿ ನನ್ನ ದಿಬ್ಬದ ಒಂದಿಷ್ಟು ಅಂಶವಾದರೂ ಇರಲೇಬೇಕೆಂದು ಲೆಕ್ಕಹಾಕಿ, ಚಪ್ಪಲಿ ಕಳಚಿಟ್ಟು, ಅದರ ಮೇಲೆ ಕುಳಿತೆ. ಮರಳು ಇನ್ನೂ ಒದ್ದೆಯಾಗಿತ್ತು.