ಕಪ್ಪು ವಿಂಡೋ ಬಚ್ಚಿಡಬೇಕೇ? ಪರ–ವಿರೋಧ

ಪ್ರಶ್ನೆ ಇದು: ಡೆಸ್ಕ್‌ಟಾಪ್ ಆ್ಯಪ್ ಒಂದು ತನ್ನ ಕೆಲಸಕ್ಕೆ ಕಮಾಂಡ್ ಲೈನ್ ಟೂಲ್‌ಗಳನ್ನು (ಟರ್ಮಿನಲ್ ಎಂಬ ಕಪ್ಪು ವಿಂಡೋದಲ್ಲಿ ಕಮಾಂಡ್ ಟೈಪ್ ಮಾಡಿ ಓಡಿಸುವ ಪ್ರೋಗ್ರಾಂಗಳನ್ನು) ಬಳಕೆದಾರರಿಗೆ ಕಾಣದಂತೆ ಒಳಗೊಳಗೇ ಓಡಿಸುವುದು ಸರಿಯೇ?

ಪರ: ಟರ್ಮಿನಲ್ ತೋರಿಸಿ ಯಾರಿಗೆ ಏನು ಲಾಭ?

ವಿಡಿಯೊ ಕತ್ತರಿಸುವ ಒಂದು ಚಿಕ್ಕ ಆ್ಯಪ್ ಬರೆಯಬೇಕು ಅಂದುಕೊಳ್ಳಿ. ಹತ್ತಾರು ಫಾರ್ಮ್ಯಾಟ್ ಓದಬೇಕು, ಡಿಕೋಡ್ ಮಾಡಬೇಕು, ಚಿತ್ರಕ್ಕೂ ಧ್ವನಿಗೂ ತಾಳ ತಪ್ಪದಂತೆ ನೋಡಿಕೊಳ್ಳಬೇಕು. ಇಷ್ಟನ್ನೂ ನೀವೇ ಬರೆಯಲು ಕೂತರೆ ಆ್ಯಪ್ ಹೊರಗೆ ಬರುವುದು ಯಾವ ಕಾಲಕ್ಕೋ. ಎಫ್‌ಎಫ್‌ಎಂಪೆಗ್ ಎಂಬ ಕಮಾಂಡ್ ಲೈನ್ ಟೂಲ್ 2000ನೇ ಇಸವಿಯಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಅದರಿಂದ ಕೆಲಸ ಮಾಡಿಸಿಕೊಳ್ಳುವುದರಲ್ಲಿ ನಾಚಿಕೆ ಏನಿದೆ? ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ಆ್ಯಪ್‌ನಲ್ಲಿ, ಬದಲಾವಣೆ ದಾಖಲಿಸುವ ಕಮಿಟ್ ಬಟನ್ ಒತ್ತಿದಾಗಲೂ ಆಗುವುದು ಇದೇ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ, ನಿಮ್ಮ ಕಂಪ್ಯೂಟರ್‌ನಲ್ಲಿರುವ ಗಿಟ್ ಟೂಲ್ ಅನ್ನೇ ಅದು ಹಿಂದಿನಿಂದ ಓಡಿಸುತ್ತದೆ.

ಅದೇ ಕೋಡ್ ಅನ್ನು ಲೈಬ್ರರಿಯಾಗಿ, ಅಂದರೆ ಆ್ಯಪ್‌ನದೇ ಭಾಗವಾಗಿ, ಒಳಗೇ ಸೇರಿಸಿಕೊಳ್ಳಬಹುದಲ್ಲ ಅಂತ ಕೇಳುವವರಿದ್ದಾರೆ. ಸೇರಿಸಬಹುದು. ಆದರೆ ಕೆಟ್ಟುಹೋದ ಒಂದು ವಿಡಿಯೊ ಫೈಲ್ ಸಿಕ್ಕಿ ಆ ಲೈಬ್ರರಿ ಕ್ರ್ಯಾಶ್ ಆದರೆ ನಿಮ್ಮ ಆ್ಯಪ್ ಕೂಡ ಅದರ ಜೊತೆಗೇ ಹೋಗುತ್ತದೆ, ಸೇವ್ ಮಾಡದ ಕೆಲಸದ ಸಮೇತ. ಟೂಲ್ ಬೇರೆ ಪ್ರೋಸೆಸ್ ಆಗಿ, ಅಂದರೆ ಆ್ಯಪ್‌ನಿಂದ ಪ್ರತ್ಯೇಕವಾಗಿ, ಓಡುತ್ತಿದ್ದರೆ ಅದು ಮಾತ್ರ ಸಾಯುತ್ತದೆ. ನೀವು ಒಂದು ಸಂದೇಶ ತೋರಿಸಿ ಮುಂದಿನ ಫೈಲ್‌ಗೆ ಹೋಗಬಹುದು. ಟೂಲ್‌ನ ಹೊಸ ಆವೃತ್ತಿ ಬಂದರೆ ಅದನ್ನಷ್ಟೇ ಬದಲಿಸಿದರೆ ಆಯಿತು.

ಇನ್ನು ಬಚ್ಚಿಡುವ ವಿಷಯ. ವಿಂಡೋಸ್‌ನಲ್ಲಿ ಗ್ರಾಫಿಕಲ್ ಆ್ಯಪ್‌ಗೆ ತನ್ನದೇ ಕನ್ಸೋಲ್ (ಕಮಾಂಡ್ ವಿಂಡೋ) ಇರುವುದಿಲ್ಲ. ಅದು ಕನ್ಸೋಲ್ ಪ್ರೋಗ್ರಾಂ ಶುರುಮಾಡಿದರೆ ಸಿಸ್ಟಂ ಹೊಸ ಕಪ್ಪು ವಿಂಡೋ ತೆರೆಯುತ್ತದೆ. ನೂರು ಫೋಟೊ ಪರಿವರ್ತಿಸಿದರೆ ಆ ವಿಂಡೋ ನೂರು ಸಲ ಮಿಂಚಿ ಮಾಯವಾಗುತ್ತದೆ. ನೋಡಿದವರು ವೈರಸ್ ಬಂತು ಅಂತ ಗಾಬರಿ ಬೀಳುತ್ತಾರೆ, ತಪ್ಪೇನಿಲ್ಲ. ವಿಂಡೋ ಬೇಡ ಎಂದು ಹೇಳುವ ಫ್ಲ್ಯಾಗ್ (ಸೂಚನೆ) ಅನ್ನು ಮೈಕ್ರೋಸಾಫ್ಟೇ ಕೊಟ್ಟಿದೆ. ಪೈಥಾನ್ ಭಾಷೆಯಲ್ಲೂ 3.7 ಆವೃತ್ತಿಯಿಂದ ಅದು ನೇರವಾಗಿ ಸಿಗುತ್ತದೆ. ಇದರಲ್ಲಿ ಕಳ್ಳತನ ಏನೂ ಇಲ್ಲ.

ಟೂಲ್‌ನ ಮಾತು ಆ್ಯಪ್‌ಗೆ ಅರ್ಥವಾಗುವುದಿಲ್ಲ ಎನ್ನುವುದು ಹಳೇ ದೂರು. ಈಗ ಒಳ್ಳೆಯ ಟೂಲ್‌ಗಳು ಯಂತ್ರಕ್ಕೆಂದೇ ಬೇರೆ ಔಟ್‌ಪುಟ್ ಕೊಡುತ್ತವೆ. ಗಿಟ್‌ಗೆ ಇದಕ್ಕೆಂದೇ ಪೋರ್ಸಲೇನ್ ಎಂಬ ಆಯ್ಕೆ ಇದೆ, ಎಫ್‌ಎಫ್‌ಎಂಪೆಗ್ ಜೊತೆಗಿನ ಎಫ್‌ಎಫ್‌ಪ್ರೋಬ್ ಟೂಲ್ ವಿಡಿಯೊದ ವಿವರವನ್ನು ಜೇಸನ್ ಎಂಬ, ಪ್ರೋಗ್ರಾಂ ಸುಲಭವಾಗಿ ಓದುವ ರೂಪದಲ್ಲಿ ಕೊಡುತ್ತದೆ. ಮನುಷ್ಯರಿಗೆ ಬರೆದ ಸಾಲುಗಳನ್ನು ಹರಿದು ಸಂಖ್ಯೆ ಹುಡುಕುವ ಕಷ್ಟ ಜಾಸ್ತಿ ಉಳಿದಿಲ್ಲ.

ಕಮಾಂಡ್ ಕಲಿಯಲಿ ಅನ್ನುವವರಿಗೆ ಒಂದೇ ಮಾತು. ಫೋಟೊದ ಅಳತೆ ಚಿಕ್ಕದು ಮಾಡಲು ಬಂದವರಿಗೆ ಪಾಠ ಬೇಕಿಲ್ಲ. ಫೋಟೊ ಬೇಕು, ಅಷ್ಟೇ.

ವಿರೋಧ: ಬಾಯಿ ಕಟ್ಟಿದ ಟೂಲ್

ಟೂಲ್ ಓಡಿಸುವುದಕ್ಕೆ ನನ್ನ ತಕರಾರು ಇಲ್ಲ. ತಕರಾರು ಇರುವುದು ಅದನ್ನು ಬಚ್ಚಿಟ್ಟು ಓಡಿಸುವುದಕ್ಕೆ.

ಕಮಾಂಡ್ ಲೈನ್ ಟೂಲ್ ಬರೆದವರು ಎದುರಿಗೆ ಒಬ್ಬರು ಕೂತಿದ್ದಾರೆ ಅಂದುಕೊಂಡು ಬರೆದಿರುತ್ತಾರೆ. ಅದೇ ಹೆಸರಿನ ಫೈಲ್ ಇದ್ದರೆ ಎಫ್‌ಎಫ್‌ಎಂಪೆಗ್ ಅದರ ಮೇಲೆ ಬರೆಯಲೇ ಎಂದು ಕೇಳಿ ಉತ್ತರಕ್ಕೆ ಕಾಯುತ್ತದೆ. ವಿಂಡೋ ಇಲ್ಲದ ಮೇಲೆ ಆ ಪ್ರಶ್ನೆ ಯಾರಿಗೆ ಕಾಣಬೇಕು? ಆ್ಯಪ್‌ನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ದೊಡ್ಡ ಫೈಲ್ ಇರಬೇಕು, ಕಾಯೋಣ ಅಂತ ನಾವೂ ಕಾಯುತ್ತೇವೆ. ಗಿಟ್ ಪಾಸ್‌ವರ್ಡ್ ಕೇಳಿದಾಗಲೂ ಇದೇ ಕತೆ.

ಇದಕ್ಕಿಂತ ನಾಜೂಕಾದ ತೊಂದರೆ ಪೈಪ್‌ನದು. ಟೂಲ್ ಬರೆಯುವ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಆ್ಯಪ್ ಬೇರೆ ಬೇರೆ ಪೈಪ್‌ಗಳಿಗೆ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವವರೆಗೆ ಹಿಡಿದಿಡುವ ದಾರಿ) ತಿರುಗಿಸುತ್ತದೆ. ಲಿನಕ್ಸ್‌ನಲ್ಲಿ ಒಂದು ಪೈಪ್‌ನಲ್ಲಿ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ಆ್ಯಪ್ ಔಟ್‌ಪುಟ್ ಪೈಪ್ ಮಾತ್ರ ಓದುತ್ತಾ ಕೂತರೆ ಎರರ್ ಪೈಪ್ ತುಂಬಿಕೊಳ್ಳುತ್ತದೆ. ಜಾಗ ಖಾಲಿಯಾಗಲಿ ಎಂದು ಟೂಲ್ ಕಾಯುತ್ತದೆ, ಟೂಲ್ ಮುಗಿಯಲಿ ಎಂದು ಆ್ಯಪ್ ಕಾಯುತ್ತದೆ. ಇಬ್ಬರೂ ಅಲ್ಲಾಡುವುದಿಲ್ಲ. ಚಿಕ್ಕ ಫೈಲ್‌ನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ, ಅಲ್ವಾ? ಪೈಪ್ ತುಂಬಿದರೆ ತಾನೇ. ಎಫ್‌ಎಫ್‌ಎಂಪೆಗ್ ತನ್ನ ಪ್ರಗತಿಯ ಸಾಲುಗಳನ್ನೂ ಎರರ್ ಕಡೆಗೇ ಕಳಿಸುತ್ತದೆ. ಹಾಗಾಗಿ ಅಲ್ಲಿ ಬಂದದ್ದೆಲ್ಲ ದೋಷ ಎಂದು ತಿಳಿದರೂ ಕಷ್ಟ, ಓದದೆ ಬಿಟ್ಟರೂ ಕಷ್ಟ.

ಮ್ಯಾಕ್‌ನಲ್ಲಿ ಇನ್ನೊಂದು ತಮಾಷೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡುವ ಟೂಲ್, ಡಾಕ್‌ನಿಂದ ತೆರೆದ ಆ್ಯಪ್‌ಗೆ ಸಿಗುವುದಿಲ್ಲ. ಶೆಲ್‌ನ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂನ) ಸೆಟ್ಟಿಂಗ್ ಫೈಲ್‌ನಲ್ಲಿ ನಾವು ಸೇರಿಸಿದ ಪಾತ್, ಅಂದರೆ ಟೂಲ್ ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ, ಅದಕ್ಕೆ ಬಂದಿರುವುದಿಲ್ಲ.

ವಿಂಡೋಸ್‌ನಲ್ಲಿ ಇದರ ಉಲ್ಟಾ, ಮತ್ತು ಅದು ತಮಾಷೆಯಲ್ಲ. ಪೂರ್ತಿ ಪಾತ್ (ಟೂಲ್ ಇರುವ ಜಾಗದ ಪೂರ್ತಿ ವಿಳಾಸ) ಕೊಡದೆ ಬರೀ ಹೆಸರಿನಿಂದ ಟೂಲ್ ಕರೆದರೆ, ವಿಂಡೋಸ್ ಸಾಮಾನ್ಯವಾಗಿ ಪಾತ್ ಪಟ್ಟಿಯಲ್ಲಿರುವ ಫೋಲ್ಡರ್‌ಗಳಿಗಿಂತ ಮೊದಲು ಆ್ಯಪ್ ಸದ್ಯ ಇರುವ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಪ್ರಾಜೆಕ್ಟ್‌ನಲ್ಲಿ ಯಾರೋ ಗಿಟ್ ಹೆಸರಿನ ಪ್ರೋಗ್ರಾಂ ಇಟ್ಟಿದ್ದರೆ ಓಡುವುದು ಅದೇ. ಅದೂ ಸದ್ದಿಲ್ಲದೆ.

ಫೈಲ್ ಹೆಸರನ್ನು ಶೆಲ್ ಕಮಾಂಡ್‌ಗೆ ಅಂಟಿಸುವವರ ಬಗ್ಗೆ ಹೇಳಿ ಸಾಕಾಗಿದೆ. 2016ರಲ್ಲಿ ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ಪರಿವರ್ತಿಸುವ ಟೂಲ್‌ನಲ್ಲಿ ಸಿಕ್ಕ ದೋಷ ಇದೇ ಜಾತಿಯದು. ಹೊರಗಿನ ಟೂಲ್ ಕರೆಯುವ ಸಾಲಿನೊಳಗೆ, ಚಿತ್ರದ ಫೈಲ್‌ನಲ್ಲಿ ಬರೆದಿಟ್ಟ ಕಮಾಂಡ್ ನುಸುಳಿ ಓಡುತ್ತಿತ್ತು. ಆರ್ಗ್ಯುಮೆಂಟ್‌ಗಳನ್ನು (ಟೂಲ್‌ಗೆ ಕೊಡುವ ಫೈಲ್ ಹೆಸರು, ಆಯ್ಕೆಗಳು) ಒಂದೇ ಸಾಲಿಗೆ ಅಂಟಿಸದೆ ಬಿಡಿಬಿಡಿಯಾಗಿ ಪಟ್ಟಿಯಲ್ಲಿ ಕೊಟ್ಟರೆ ಪಾರು ಅನ್ನುತ್ತಾರೆ. ಬಹುಪಾಲು ನಿಜ. ಆದರೆ 2024ರ ಏಪ್ರಿಲ್‌ನಲ್ಲಿ, ವಿಂಡೋಸ್‌ನ ಬ್ಯಾಚ್ ಫೈಲ್‌ಗಳಿಗೆ (ಸಾಲಾಗಿ ಓಡಿಸುವ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಬಂದಾಗ ರಸ್ಟ್ ಭಾಷೆಯ ಲೈಬ್ರರಿ ಕೂಡ ಈ ಆರ್ಗ್ಯುಮೆಂಟ್‌ಗಳನ್ನು ಸರಿಯಾಗಿ ಕಾಪಾಡುತ್ತಿರಲಿಲ್ಲ ಎಂದು ಗೊತ್ತಾಯಿತು. ಸುರಕ್ಷತೆಗೇ ಹೆಸರಾದ ಭಾಷೆ ಅದು!

ಇವಕ್ಕೆಲ್ಲ ಮದ್ದಿದೆ, ಒಪ್ಪುತ್ತೇನೆ. ಇನ್‌ಪುಟ್ ಮುಚ್ಚಿ, ಎರಡೂ ಪೈಪ್ ಒಟ್ಟಿಗೆ ಓದಿ, ಪೂರ್ತಿ ಪಾತ್ ಕೊಡಿ, ಎಕ್ಸಿಟ್ ಕೋಡ್ (ಕೆಲಸ ಆಯಿತೋ ಇಲ್ಲವೋ ಎಂದು ಟೂಲ್ ಕೊನೆಗೆ ಕೊಡುವ ಸಂಖ್ಯೆ) ನೋಡಿ. ಆದರೆ ವಿಂಡೋ ಮುಚ್ಚಿದ ಮೇಲೆ ಇವನ್ನು ಮಾಡದಿದ್ದರೂ ಯಾರೂ ಕೇಳುವುದಿಲ್ಲ. ಸೊನ್ನೆ ಬೈಟ್‌ನ ಫೈಲ್ ಕೊಟ್ಟು 'ಯಶಸ್ವಿಯಾಗಿ ಮುಗಿದಿದೆ' ಅನ್ನುವ ಆ್ಯಪ್ ಹುಟ್ಟುವುದು ಹೀಗೆ.

ಕಪ್ಪು ವಿಂಡೋನೇ ಬೇಕು ಅಂತ ನನ್ನ ಹಟವಲ್ಲ. ಪರ ಬರೆದವರು ತೋರಿಸಿದ ವಿಎಸ್ ಕೋಡ್‌ನಲ್ಲೇ ಔಟ್‌ಪುಟ್ ಪ್ಯಾನೆಲ್ ತೆರೆದು ಗಿಟ್ ಆರಿಸಿ ನೋಡಿ. ಅದು ಓಡಿಸಿದ ಕಮಾಂಡ್‌ಗಳು, ಹಿಡಿದ ಮಿಲಿಸೆಕೆಂಡ್ ಸಮೇತ, ಅಲ್ಲಿ ಸಾಲಾಗಿ ಇರುತ್ತವೆ. ಬೇಕಾದವರು ನೋಡಲಿ, ಬೇಡದವರು ಬಿಡಲಿ. ಇಂಥ ಒಂದು ಪ್ಯಾನೆಲ್ ಕೂಡ ಇಲ್ಲದ ಆ್ಯಪ್ ನನ್ನ ಫೈಲ್‌ಗಳನ್ನು ಮುಟ್ಟುವುದು ಬೇಡ.